ಕೆಮ್ಮಣ್ಣು ಬಳಿದ ಬಿಲ್ಲು

ಅಕ್‌ತೆರೆಕ್ ಊರಿನ ಎಸೆನ್ ಬುದ್ಧಿ ಬಂದಾಗಿನಿಂದ ಮರ ಬಾಗಿಸಿದವನು. ಸರೋವರದ ತೆಂಕಣ ದಂಡೆಯಲ್ಲಿ ಯಾರ ಮನೆಯ ಕಂಬಳಿ ಗುಡಾರ ಎದ್ದು ನಿಂತರೂ ಅದರ ಚಾವಣಿಯ ಕೋಲುಗಳಲ್ಲಿ ಅರ್ಧದಷ್ಟು ಇವನ ಕೈಯಲ್ಲಿ ಬಾಗಿದವೇ. ವಿಲ್ಲೋ ಕೊಂಬೆ ಕಡಿದು ಸಿಪ್ಪೆ ಸುಲಿಯುವುದು, ಬಿಸಿ ಗೊಬ್ಬರದ ಹಬೆಯಲ್ಲಿ ಮೆತ್ತಗಾಗಿಸುವುದು, ಗೂಟಗಳ ನಡುವೆ ಸಿಕ್ಕಿಸಿ ಬಾಗಿಸಿ ಒಣಗಿಸುವುದು. ಆಮೇಲೆ ಎರಡು ಹಿಡಿಯ ಕತ್ತಿ ಹಿಡಿದು ಹೆರೆಯುವುದು. ಗಿಣ್ಣು ಕಂಡರೆ ಹೆರೆ, ಉಬ್ಬು ಕಂಡರೆ ಹೆರೆ, ಹೆರೆದ ಗುರುತು ಕಂಡರೆ ಮೇಲೆ ಕೆಮ್ಮಣ್ಣು ಬಳಿ. ಅವನ ಅಪ್ಪ ಕಲಿಸಿದ್ದು ಇಷ್ಟೇ, ಅವನಿಗೆ ಬೇಕಾದದ್ದೂ ಇಷ್ಟೇ. ಇದೇ ವಿದ್ಯೆ ಮುಂದೆ ಅವನ ಕೊರಳಿಗೆ ಸುತ್ತಿಕೊಂಡಿತು ಎಂದರೆ ನಮ್ಮೂರಿನವರು ಇವತ್ತಿಗೂ ಒಪ್ಪುವುದಿಲ್ಲ. ಎಲ್ಲ ಕುದುರೆಯದೇ ತಪ್ಪು ಎನ್ನುತ್ತಾರೆ. ಕುದುರೆಗೆ ಬಾಯಿಲ್ಲ ನೋಡಿ, ಅದರ ತಲೆಗೆ ಏನು ಕಟ್ಟಿದರೂ ನಡೆಯುತ್ತದೆ.

ಎಸೆನ್ ಕೆಟ್ಟ ಮನುಷ್ಯನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೈ ಧಾರಾಳ, ಮನಸ್ಸು ಮೆತ್ತಗೆ, ಬಾಯಿ ಮಾತ್ರ ಸ್ವಲ್ಪ ದೊಡ್ಡದು. ಅವನಿಗೂ ಹೆಂಡತಿ ಗುಲ್ಸುನ್‌ಗೂ ಮಕ್ಕಳಾಗಲಿಲ್ಲ. ತಂಗಿ ಟೊತುಯಾ ಗಂಡನನ್ನು ಕಳೆದುಕೊಂಡು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಅಣ್ಣನ ಮನೆಗೆ ಬಂದಳಲ್ಲ, ಆ ಕೂಸು ಕಾನಿಶಾಯ್, ಬೆಳೆದದ್ದೆಲ್ಲ ಇವನ ಕೆಲಸದ ಕೊಟ್ಟಿಗೆಯ ಹೆರೆಸಿಪ್ಪೆಯ ರಾಶಿಯಲ್ಲೇ. ಅವಳನ್ನು ಮೊದಲ ಸಲ ಕುದುರೆ ಮೇಲೆ ಕೂರಿಸಿದವನೂ ಅವನೇ. 'ತಾಯ್ಕೆ' ಎಂದು, ತಾಯಿಯ ಅಣ್ಣನನ್ನು ಕರೆಯುವ ಆ ಮಾತಿನಿಂದ, ಅವಳು ದಿನವಿಡೀ ಅವನ ಬೆನ್ನು ಹತ್ತಿರುತ್ತಿದ್ದಳು. ಈಗ ಮದುವೆಯಾಗಿ, ಕಣಿವೆಯಾಚೆ ಕುದುರೆ ಹಿಂಡು ಸಾಕುವವರ ಮನೆ ಸೇರಿದ್ದಾಳೆ, ಟೊತುಯಾ ಕೂಡ ಮಗಳ ಹತ್ತಿರವೇ ಇದ್ದಾಳೆ. ಎತ್ತರದ ಕಂಬದ ತುದಿಯಿಂದ ದಾರದಲ್ಲಿ ಬೆಳ್ಳಿಗಟ್ಟಿ ಇಳಿಬಿಟ್ಟು, ಓಡುವ ಕುದುರೆಯ ಮೇಲಿಂದ ಬಾಣ ಬಿಟ್ಟು ಆ ದಾರ ಕತ್ತರಿಸುವ ಜಾಂಬಿ ಆಟದಲ್ಲಿ ಅವಳನ್ನು ಮೀರಿಸುವ ಗಂಡಸು ಆ ಸೀಮೆಯಲ್ಲಿ ಇರಲಿಲ್ಲ. ಅವಳ ಹೆಸರು ಕೂಗಿದರೆ ಉಳಿದವರು ಬೆಳ್ಳಿಯ ಆಸೆ ಬಿಟ್ಟು ಕುದುರೆ ಹಾಲಿನ ಹುಳಿ ಕುಮಿಸ್ ಕುಡಿಯಲು ಎದ್ದು ಹೋಗುತ್ತಿದ್ದರು.

ಅವಳ ಬಿಲ್ಲು ಪೇಟೆಯ ಒಬ್ಬ ಕುಶಲಕರ್ಮಿ ಮಾಡಿಕೊಟ್ಟದ್ದು. ಪಕ್ಕದ ಮನೆಯ ಶೆರ್ಗಾಜಿಗೆ ಅಷ್ಟು ಸಾಕಾಯಿತು. ಕುರಿ ವ್ಯಾಪಾರ ಮಾಡುವ ಈ ಶೆರ್ಗಾಜಿಗೆ ಚಳಿಗಾಲದಲ್ಲಿ ಮಾಡಲು ಕೆಲಸವಿಲ್ಲ, ಬೇರೆಯವರ ಮನೆಯ ಚಹಾ ಕುಡಿಯುತ್ತ ಬೇರೆಯವರ ಕಾಲೆಳೆಯುವುದೇ ಕಸುಬು.

"ಮನೇಲಿ ಮರ ಬಾಗ್ಸೋ ಮಾವ ಇದ್ರೂ ಆ ಹುಡುಗಿ ಪೇಟೆಯವನ ಬಾಗಿಲಿಗೆ ಹೋದ್ಲು ನೋಡು," ಎಂದ ಒಂದು ದಿನ. "ಅವಳದೇನೂ ತಪ್ಪಿಲ್ಲ ಬಿಡು. ಬಿಲ್ಲು ಅಂದ್ರೆ ಬಾಗ್ಬೇಕು, ಬಾಗಿ ವಾಪಸ್ ಬರ್ಬೇಕು. ನೀನು ಬಾಗ್ಸಿದ್ದು ಬಾಗಿದಂಗೇ ಬಿದ್ದಿರತ್ತೆ, ನಿನ್ನ ಬೆನ್ನಿನ ಥರ."

ಎಸೆನ್ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ಆದರೆ ಆ ಮಾತು ಒಳಗೆ ನಾಟಿತು. ಮಾರನೆಯ ದಿನವೇ ವಿಲ್ಲೋ ಕೋಲೊಂದನ್ನು ಹೆರೆದು ಹುರಿ ಕಟ್ಟಿದ. ಶೆರ್ಗಾಜಿ ಹೇಳಿದ ಹಾಗೇ ಆಯಿತು. ಒಂದು ಸಲ ಎಳೆದದ್ದೇ ತಡ, ಕೋಲು ಹೇಳಿದ ಮಾತು ಕೇಳುವ ಮಗುವಿನಂತೆ ಬಾಗಿ ಹಾಗೇ ಕೂತುಬಿಟ್ಟಿತು. ಗುಲ್ಸುನ್ ಅದನ್ನು ಉಣ್ಣೆ ಬಡಿಯಲು ಒಯ್ದಳು. ಅದಕ್ಕೆ ತುಂಬ ಚೆನ್ನಾಗಿದೆ, ಇನ್ನೊಂದು ಮಾಡಿಕೊಡು ಎಂದು ಬೇರೆ ಕೇಳಿದಳು.

ಹಿಂದಿನ ವರ್ಷ ಸರೋವರದ ಕಡೆಯಿಂದ ಬಂದ ಗಾಳಿಗೆ ಅಪ್ಪ ನೆಟ್ಟ ಜರದಾಳು ಮರವೊಂದು ಬುಡಮೇಲಾಗಿತ್ತು. ಅದರ ಕಾಂಡವನ್ನು ಎಸೆನ್ ಸೀಳಿ ಕೊಟ್ಟಿಗೆಯ ಅಟ್ಟದಲ್ಲಿ ಒಣಗಲು ಇಟ್ಟಿದ್ದ. ಈಗ ಆ ಸೀಳುಗಳಲ್ಲಿ ಒಂದನ್ನು ಕೆಳಗಿಳಿಸಿದಾಗ ಗುಲ್ಸುನ್‌ಗೆ ಹಿಡಿಸಲಿಲ್ಲ. ಮೈತುಂಬ ಹಣ್ಣು ಹೊತ್ತು ನಿಂತಿದ್ದಾಗ ಬಿದ್ದ ಮರ ಅದು, ಅದರಿಂದ ಒಲೆ ಉರಿಸು, ಸಾಮಾನು ಮಾಡಬೇಡ ಎಂದಳು. ಇವನು ಕೇಳಲಿಲ್ಲ. ಜರದಾಳು ಮರ ಕಬ್ಬಿಣದಷ್ಟು ಗಟ್ಟಿ, ಅಂಚಿನಲ್ಲಿ ಹಳದಿ, ಒಳಗೆ ಕುದುರೆಯ ಮೈಬಣ್ಣದ ಕಂದು. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸು ಬಾರದಂಥ ಮರ.

ಬಿಲ್ಲಿನ ಬಗ್ಗೆ ಅವನಿಗೆ ಗೊತ್ತಿದ್ದದ್ದೆಲ್ಲ ಕಾನಿಶಾಯ್ ಹಿಂದೆ ಯಾವಾಗಲೋ ಚಹಾ ಕುಡಿಯುತ್ತ ಹೇಳಿದ್ದು. ಬಿಲ್ಲಿಗೆ ಬೆನ್ನು, ಹೊಟ್ಟೆ ಎಂದು ಎರಡು ಮೈ. ಎಳೆಯುವವನ ಕಡೆಗಿರುವುದು ಹೊಟ್ಟೆ, ಆಚೆಗಿರುವುದು ಬೆನ್ನು. ಕತ್ತಿ ಆಡಬೇಕಾದದ್ದು ಹೊಟ್ಟೆಯ ಮೇಲೆ ಮಾತ್ರ. ಬೆನ್ನಿನಲ್ಲಿ ಮರದ ಹೊರಗಿನ ಸುತ್ತು ಹುಟ್ಟಿದ ಹಾಗೇ ಇರಬೇಕು, ಉಬ್ಬಿದ್ದಲ್ಲಿ ಉಬ್ಬು, ತಗ್ಗಿದ್ದಲ್ಲಿ ತಗ್ಗು. ಎಳೆದಾಗ ಬಿಗಿಯೆಲ್ಲ ಹೊರುವುದು ಆ ಬೆನ್ನೇ. ಅಲ್ಲಿ ನಾರು ತುಂಡಾದರೆ ಬಿಲ್ಲು ಒಂದಲ್ಲ ಒಂದು ದಿನ ಎಳೆದವನ ಮುಖಕ್ಕೇ ಸಿಡಿಯುತ್ತದೆ. ಹೀಗೆ ಸಿಡಿದು ಕಣ್ಣು ಕಳೆದುಕೊಂಡ ಬಿಲ್ಲುಗಾರನೊಬ್ಬನನ್ನು ಅವಳು ಕಂಡಿದ್ದಳಂತೆ. ಅವನು ಈಗ ತಲೆ ಓರೆ ಮಾಡಿಕೊಂಡೇ ಚಹಾ ಸುರಿಯುತ್ತಾನೆ ಎಂದು ಅವಳು ಅಭಿನಯಿಸಿ ತೋರಿಸಿದಾಗ ಎಲ್ಲರೂ ನಕ್ಕಿದ್ದರು.

ಎಸೆನ್‌ಗೆ ಇದೆಲ್ಲ ನೆನಪಿತ್ತು. ಚಳಿ ಕಳೆದು ಹಿಮ ಕರಗುವ ಹೊತ್ತಿಗೆ ಕೆಲಸ ಶುರು ಮಾಡಿದ. ಸಿಪ್ಪೆಯನ್ನು ಉಗುರಿನಿಂದಲೇ ಬಿಡಿಸಿದ. ಹೊಟ್ಟೆಯ ಕಡೆ ಚೂರುಚೂರೇ ಹೆರೆದ. ನಡುವೆ ಹಿಡಿಗೆ ದಪ್ಪ ಬಿಟ್ಟು ಎರಡು ತೋಳು ತೆಳ್ಳಗೆ ಮಾಡುತ್ತ ಹೋದ. ಗೋಡೆಗೆ ಗೂಟ ಹೊಡೆದು ಬಿಲ್ಲನ್ನು ಅಡ್ಡ ಇಟ್ಟು, ಸಡಿಲ ಹುರಿ ಕಟ್ಟಿ ಕೆಳಗೆ ಎಳೆದು ನೋಡಿದ. ಯಾವ ತೋಳು ಮೊಂಡು ಹಿಡಿದಿದೆಯೋ ಅಲ್ಲಿ ಇನ್ನಷ್ಟು ಹೆರೆದ. ಬಾಗಿಸಿದರೆ ಬಾಗಿ, ಬಿಟ್ಟರೆ ಎದ್ದು ನಿಲ್ಲುವ ಮರವನ್ನು ಜೀವನದಲ್ಲೇ ಮೊದಲ ಸಲ ನೋಡುತ್ತಿದ್ದ. ಅವನಿಗೆ ಹುಚ್ಚೇ ಹಿಡಿಯಿತು. ಊಟಕ್ಕೆ ಕರೆದರೆ ಬರುವುದಿಲ್ಲ, ಬಂದರೂ ಮಾತಿಲ್ಲ. ಆಳು ಹೇಳಿದ್ದನ್ನು ಮಾಡುವುದು ಬೇರೆ, ಎದುರುತ್ತರ ಕೊಡುವುದು ಬೇರೆ. ಎದುರುತ್ತರ ಕೊಡುವ ಮರ ಅವನಿಗೆ ಸಿಕ್ಕಿತ್ತು.

ಮೇಲಿನ ತೋಳಿನ ಬೆನ್ನಿನ ಮೇಲೆ ಒಂದು ಸಣ್ಣ ಉಬ್ಬು. ಹಿಂದೆಂದೋ ಅಲ್ಲೊಂದು ಕಡ್ಡಿ ಚಿಗುರಿ ಉದುರಿರಬೇಕು. ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಬಂದ ಗಿರಾಕಿಯ ಜೊತೆ ಗುಡಾರದ ಕೋಲಿನ ಮಾತಾಡುತ್ತಿದ್ದ. ಕೈಯಲ್ಲಿ ಕತ್ತಿಯಿತ್ತು. ಬೆರಳಿಗೆ ಉಬ್ಬು ತಾಗಿತು. ಆಯುಷ್ಯವೆಲ್ಲ ಉಬ್ಬು ಕಂಡಲ್ಲಿ ಹೆರೆದ ಕೈ ಅದು, ಅವನನ್ನು ಕೇಳಲಿಲ್ಲ. ಸರ್ರನೆ ಒಂದು ಎಳೆತ. ಎಲೆಯಷ್ಟು ತೆಳ್ಳನೆಯ ಸಿಪ್ಪೆ ಸುರುಳಿ ಸುತ್ತಿ ಅವನ ಬೂಟಿನ ಮೇಲೆ ಬಿತ್ತು. ಗಿರಾಕಿ ಮಾತಾಡುತ್ತಲೇ ಇದ್ದ. ಎಸೆನ್‌ಗೆ ಮುಂದಿನದು ಏನೂ ಕೇಳಿಸಲಿಲ್ಲ.

ಏನೂ ಆಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಎರಡು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ಗೂಟಕ್ಕೆ ಹಾಕಿ ಎಳೆದ. ಮುಕ್ಕಾಲು ಎಳೆತಕ್ಕೆ ಬಂದಾಗ ಮೇಲಿನ ತೋಳಿನಲ್ಲಿ 'ಚಿಟ್' ಎಂದಿತು. ಜೋರೇನಲ್ಲ, ಉಗುರು ಮುರಿದಷ್ಟು ಸದ್ದು. ಹೆರೆದ ಜಾಗದಲ್ಲಿ ಕೂದಲಿನಷ್ಟು ತೆಳುವಾದ ಸಿಬಿರು ತಲೆಯೆತ್ತಿ ನಿಂತಿತ್ತು.

ಅಲ್ಲಿಗೇ ಅದನ್ನು ಒಲೆಗೆ ಹಾಕಿದ್ದರೆ ಈ ಕಥೆ ಇಲ್ಲ. ಆದರೆ ಅಷ್ಟು ಹೊತ್ತಿಗೆ ಶೆರ್ಗಾಜಿಗೆ ಹೇಳಿಯಾಗಿತ್ತು, ಗಿರಾಕಿಗಳಿಗೆ ಹೇಳಿಯಾಗಿತ್ತು, ಮಸೀದಿಯ ಮುಂದೆ ಕೂರುವವರಿಗೆಲ್ಲ ಬಿಲ್ಲಿನ ಅಳತೆ ಬಾಯಿಪಾಠವಾಗಿತ್ತು. ಎಸೆನ್ ಸಿಬಿರಿನ ಕೆಳಗೆ ಮರವಜ್ರದ ಅಂಟು ಹನಿಸಿ, ದಾರ ಬಿಗಿದು ಒಣಗಿಸಿದ. ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡಿದ. ಮೇಲೆ ಕೆಮ್ಮಣ್ಣು ಬಳಿದ, ಗುಡಾರದ ಕೋಲಿಗೆ ಬಳಿಯುವಂತೆ ತುದಿಯಿಂದ ತುದಿಗೆ. ಗೆರೆ ಮುಚ್ಚಿತು. ಬಿಲ್ಲು ಮದುಮಗಳಂತೆ ಕೆಂಪಗೆ ಹೊಳೆಯಿತು. ಗೋಡೆಗೆ ತೂಗುಹಾಕುತ್ತೇನೆ, ಇದನ್ನು ಎಳೆಯುವವರು ಯಾರಿದ್ದಾರೆ ಎಂದು ಸಮಾಧಾನ ಮಾಡಿಕೊಂಡ. ಮರವಜ್ರದ ಬಟ್ಟಲು ತೊಳೆಯುತ್ತಿದ್ದ ಗುಲ್ಸುನ್ ಮಾತ್ರ, ಗಟ್ಟಿ ಮರಕ್ಕೆ ಅಂಟು ಯಾಕೆ ಬೇಕಾಯಿತು ಎಂದು ಕೇಳಿದಳು. ಅವನು ರೇಗಿದ. ಅವಳು ಬಟ್ಟಲು ಬೋರಲು ಹಾಕಿ ಒಳಗೆ ಹೋದಳು.

ಬೇಸಿಗೆಯ ಆರಂಭದಲ್ಲಿ ಟೊತುಯಾ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಳು. ಕುರಿ ಕೊಯ್ದರು. ನೆರೆಹೊರೆಯವರೆಲ್ಲ ಸೇರಿದರು. ಮಾಂಸ ಮುಗಿದು ಚಹಾ ಬಂದಾಗ ಶೆರ್ಗಾಜಿ ಗೋಡೆಯ ಕಡೆ ನೋಡಿದ.

"ನೋಡೋಕೆ ಚೆನ್ನಾಗಿದೆ," ಎಂದ. "ಗುಲ್ಸುನ್ ಉಣ್ಣೆ ಬಡಿಯೋಕೆ ಇದೂ ಬರಬಹುದು. ಅಥವಾ ಎಳೆದು ತೋರಿಸ್ತೀಯೋ?"

ಎಲ್ಲರೂ ಎಸೆನ್ ಕಡೆ ತಿರುಗಿದರು. ಅವನು ಎದ್ದು ಬಿಲ್ಲು ಇಳಿಸಿ ಹೆದೆ ಏರಿಸಿದ. ಅರ್ಧ ಎಳೆದು ಬಿಟ್ಟರಾಯಿತು ಎಂದುಕೊಂಡಿದ್ದ. ಆದರೆ ಎಷ್ಟೊಂದು ಕಣ್ಣು! ಎಡಗೈ ಚಾಚಿ, ಹೆದೆಗೆ ಬೆರಳು ಹಾಕಿದಾಗ ಕೆಂಪು ತೋಳಿನ ಆ ಜಾಗ ತನ್ನ ಹುಬ್ಬಿನ ನೇರಕ್ಕೇ ಇರುವುದು ಅವನ ಕಣ್ಣಿಗೆ ಬಿತ್ತು. ಆದರೂ ಎಳೆಯತೊಡಗಿದ. ಮಾನಕ್ಕೆ ಅಂಜಿದವನು ಏನು ಬೇಕಾದರೂ ಮಾಡುತ್ತಾನೆ.

"ತಾಯ್ಕೆ," ಎಂದಳು ಕಾನಿಶಾಯ್, ಕೂತಲ್ಲಿಂದ ಎದ್ದು. "ಅದು ನಂಗೆ ಬೇಕು."

ಎಲ್ಲರೂ ಗೊಳ್ಳೆಂದು ನಕ್ಕರು. ತಂಗಿಯ ಮಕ್ಕಳು ಮಾವನ ಮನೆಗೆ ಬಂದು ಕಣ್ಣಿಗೆ ಬಿದ್ದದ್ದನ್ನು ಕೇಳಿದರೆ ಇಲ್ಲ ಎನ್ನುವಂತಿಲ್ಲ. ಬದುಕಿನಲ್ಲಿ ಮೂರು ಸಲ ಕೇಳುವ ಹಕ್ಕು ಅವರಿಗೆ. ಕುದುರೆ ಕೇಳಿದರೆ ಕುದುರೆ, ಬೇಟೆಯ ಹದ್ದು ಕೇಳಿದರೆ ಹದ್ದು. ಕೊಡದ ಮಾವನ ಮುಖ ಊರಲ್ಲಿ ಯಾರೂ ನೋಡುವುದಿಲ್ಲ. ಕಾನಿಶಾಯ್ ಅಲ್ಲಿಯ ತನಕ ಒಂದು ಸಲವೂ ಏನನ್ನೂ ಕೇಳಿರಲಿಲ್ಲ. ಮೊದಲನೆಯದನ್ನು ನಿನ್ನ ಕೋಲಿಗೆ ಖರ್ಚು ಮಾಡಿದಳಲ್ಲೋ ಎಂದು ಶೆರ್ಗಾಜಿ ತೊಡೆ ತಟ್ಟಿಕೊಂಡ.

ಎಸೆನ್ ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ಬಿಲ್ಲು ತೆಗೆದುಕೊಂಡವಳೇ ಮೊಣಕಾಲಿನಿಂದ ಒತ್ತಿ ಹೆದೆ ಇಳಿಸಿಬಿಟ್ಟಳು. ಆಮೇಲೆ ಹೆಬ್ಬೆರಳನ್ನು ಬೆನ್ನಿನ ಉದ್ದಕ್ಕೂ ನಿಧಾನವಾಗಿ ಓಡಿಸಿದಳು. ಮೇಲಿನ ತೋಳಿನಲ್ಲಿ ಬೆರಳು ಒಂದು ಚಣ ನಿಂತಿತು, ಅಥವಾ ನಿಂತಂತೆ ಅವನಿಗೆ ಅನ್ನಿಸಿತು. ಅವಳು ತಲೆಯೆತ್ತಿ ಅವನ ಮುಖ ನೋಡಿದಳು.

"ಇದರ ವಿಷಯ ಏನಾದ್ರೂ ಹೇಳೋದಿದೆಯಾ ತಾಯ್ಕೆ?"

"ಏನಿದೆ ಹೇಳೋಕೆ," ಎಂದ ಎಸೆನ್. "ಮಳೇಲಿ ನೆನೆಸ್ಬೇಡ, ಅಷ್ಟೇ."

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಕ್ಕು, ಬಣ್ಣ ಬಹಳ ಚೆನ್ನಾಗಿದೆ, ಆ ಕೆಮ್ಮಣ್ಣು ಒಂದಿಷ್ಟು ಉಳಿದಿದ್ದರೆ ಕಟ್ಟಿಕೊಡಿ, ಉಜ್ಜಿಹೋದರೆ ಹಚ್ಚಿಕೊಳ್ಳುತ್ತೇನೆ ಎಂದಳು. ಗುಲ್ಸುನ್ ಬಟ್ಟೆಯಲ್ಲಿ ಕಟ್ಟಿಕೊಟ್ಟಳು.

ಅವತ್ತಿನಿಂದ ಎಸೆನ್ ತಿಂದದ್ದು ಮೈಗೆ ಹತ್ತಲಿಲ್ಲ. ಜಗಲಿಯಲ್ಲಿ ಕೂತು ಸರೋವರ ನೋಡುತ್ತಿದ್ದರೂ ಕಣ್ಣ ಮುಂದೆ ಆ ಹುಡುಗಿಯ ಮುಖ, ಅದರ ಪಕ್ಕದಲ್ಲೇ ಕೆಂಪು ತೋಳು. ಎಲ್ಲಾದರೂ ಒಣ ಕಡ್ಡಿ ಮುರಿದರೆ ಬೆಚ್ಚಿಬೀಳುತ್ತಿದ್ದ. ಗುಲ್ಸುನ್ ವಿಷಯವನ್ನೆಲ್ಲ ಮೊದಲೇ ಊಹಿಸಿದ್ದಳು.

"ಒಂದು ಮಾತು ಮುದ್ಕಪ್ಪಾ," ಎಂದಳು. "ಬಿರುಕಿದೆ, ಎಳೀಬೇಡ ಅನ್ನು. ನಾಲಿಗೆ ಸವೆಯಲ್ಲ."

"ಕೊಟ್ಟದ್ದನ್ನ ಕೆಟ್ಟದ್ದು ಅಂತ ಹೇಗೆ ಹೇಳ್ಲಿ? ತಂಗಿ ಮಗಳಿಗೆ ಒಡೆದ ಸಾಮಾನು ಕೊಟ್ಟ ಅಂತಾರೆ."

"ಅನ್ನಲಿ. ಕಣ್ಣು ಹೋದ್ಮೇಲೆ ಏನಂತಾರೆ?"

ಎಸೆನ್ ಎದ್ದು ಕೊಟ್ಟಿಗೆಗೆ ಹೋದ. ಟೊತುಯಾ ಫೋನ್ ಮಾಡಿದಾಗ ಹೇಳಿಬಿಡಬೇಕೆಂದು ನಿಶ್ಚಯಿಸಿದ. ಅವಳು ಮಾಡಿದಳು. ಕಣಿವೆಯಾಚೆಯ ಒಬ್ಬ ಹಿರಿಯ ತೀರಿಕೊಂಡು ವರ್ಷವಾಗುತ್ತ ಬಂತು, ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ದೊಡ್ಡ ವರ್ಷದೂಟ, ಕುದುರೆ ಓಟ, ಜಾಂಬಿ ಎಲ್ಲ ಇದೆ ಎಂದಳು. ಕಾನಿಶಾಯ್ ಈ ಸಲ ಮಾವನ ಬಿಲ್ಲನ್ನೇ ಹಿಡಿಯುತ್ತಾಳಂತೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತಂತೆ. ಹೇಳುವಾಗ ತಂಗಿಯ ದನಿ ಹೆಮ್ಮೆಯಿಂದ ಒದ್ದೆಯಾಗಿತ್ತು. ಗಂಡ ಸತ್ತ ಮೇಲೆ ಅವಳು ಅಷ್ಟು ಖುಷಿಯಿಂದ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು, ಉಗುಳಿನ ಜೊತೆ ನುಂಗಿದ. ಬಿಸಿಲಿಗೆ ಇಡಬೇಡ ಅನ್ನು ಎಂದು ಫೋನ್ ಇಟ್ಟ.

ವರ್ಷದೂಟದ ಹಿಂದಿನ ದಿನ ಎಸೆನ್ ಕೊಟ್ಟಿಗೆಯ ಅಟ್ಟದಿಂದ ಅದೇ ಮರದ ಇನ್ನೊಂದು ಸೀಳು ಇಳಿಸಿದ. ಅದರ ಬೆನ್ನಿನಲ್ಲೂ ಒಂದು ಉಬ್ಬಿತ್ತು. ಬೇಕೆಂದೇ ಅದನ್ನು ಹೆರೆದ. ತೋಳು ತೆಳ್ಳಗೆ ಮಾಡಿ ಗೂಟಕ್ಕೆ ಹಾಕಿ ಹುರಿಯಿಂದ ಎಳೆದ. ಒಂದು ಸಲ ಏನೂ ಆಗಲಿಲ್ಲ, ಎರಡನೆಯ ಸಲವೂ ಇಲ್ಲ. ಎದೆ ಹಗುರಾಯಿತು. ಸುಮ್ಮನೆ ಹೆದರಿದೆ ಎಂದು ನಗುತ್ತಲೇ ಮತ್ತೊಮ್ಮೆ ಎಳೆದ. ಬಂದೂಕು ಹಾರಿದಂತೆ ಸದ್ದಾಯಿತು. ಕೈಯಲ್ಲಿ ಹುರಿ ಮಾತ್ರ ಇತ್ತು. ತಿರುಗಿ ನೋಡಿದರೆ ಬಾಗಿಲಿಗೆ ಹಾಕಿದ್ದ ಕಂಬಳಿ ಪರದೆಯಲ್ಲಿ, ಆಳೆತ್ತರಕ್ಕೆ, ಬೆರಳುದ್ದದ ಸಿಬಿರು ನಾಟಿಕೊಂಡು ಅಲುಗಾಡುತ್ತಿತ್ತು.

ಗುಲ್ಸುನ್ ಓಡಿಬಂದು ನೋಡಿದಳು. ಒಳಗೆ ಹೋಗಿ ಹಿಟ್ಟು ಕಲಸಿ ಎಣ್ಣೆಗೆ ಬಿಟ್ಟಳು. ಎಣ್ಣೆಯ ವಾಸನೆ ಹಿರಿಯರಿಗೆ ಮುಟ್ಟಲಿ, ಅವರಾದರೂ ಕಾಯಲಿ ಎಂದು ಕೆಟ್ಟ ಕನಸು ಬಿದ್ದಾಗ ಮಾಡುವ ಕೆಲಸ ಅದು. ಎಸೆನ್ ಕಾನಿಶಾಯ್‌ಗೆ ಫೋನ್ ಹಚ್ಚಿದ. ಬೆಟ್ಟದ ಮೇಲೆ ಸಿಗ್ನಲ್ ಇಲ್ಲ. ಟೊತುಯಾ ಆಗಲೇ ಮೇಲಕ್ಕೆ ಹೋಗಿದ್ದಳು. ನಾಳೆ ಅವಳು ಕುದುರೆ ಏರುವ ಮೊದಲೇ ಹೇಳುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ, ಮಾನ ಹೋದರೆ ಹಾಳಾಗಿ ಹೋಗಲಿ ಎಂದು ಹೆಂಡತಿಯ ಕೈ ಮುಟ್ಟಿ ಹೇಳಿದ.

ಬೆಳಿಗ್ಗೆ ಶೆರ್ಗಾಜಿಯ ಕಾರಿನಲ್ಲಿ ಹೊರಟರು. ಹುಲ್ಲುಗಾವಲಿಗೆ ಬಂದಾಗ ಬಿಸಿಲು ಏರಿತ್ತು, ಗುಡಾರಗಳ ಸಾಲು ಬೆಟ್ಟದ ಬುಡದವರೆಗೂ ಹಬ್ಬಿತ್ತು. ಎಸೆನ್ ಇಳಿದವನೇ ಕುದುರೆಗಳ ಕಡೆ ಕಾಲು ಹಾಕಿದ. ಆದರೆ ಸಾವಿನ ವರ್ಷದೂಟಕ್ಕೆ ಬಂದವರು ಆಟದ ಬಯಲಿಗೆ ಮೊದಲು ಹೋಗುತ್ತಾರೆಯೇ? ಮನೆಯವರು ಅವನ ಎರಡೂ ತೋಳು ಹಿಡಿದು ಒಳಗೆ ಕರೆದೊಯ್ದರು. ಸತ್ತವನಿಗಾಗಿ ಪ್ರಾರ್ಥನೆಯಾಯಿತು. ಕೈಗೆ ನೀರು ಬಂತು. ವಯಸ್ಸಿಗೆ ತಕ್ಕ ಮರ್ಯಾದೆಯೆಂದು ಕೊಡುವ ಮಾಂಸದ ಮೂಳೆ ಅವನ ಮುಂದೆ ಬಂತು. ಹಿರಿಯರು ಕೈಯೆತ್ತಿ ಹರಸುವ ತನಕ ಯಾರೂ ಏಳುವ ಹಾಗಿಲ್ಲ. ಎದ್ದರೆ ಸತ್ತವನಿಗೇ ಅವಮಾನ. ಮಾಂಸ ಅವನ ಬಾಯಲ್ಲಿ ಮರದ ಹೊಟ್ಟಿನಂತೆ ಸುತ್ತುತ್ತಿತ್ತು. ಪಕ್ಕದವನು ಕುರಿಯ ಬೆಲೆ ಹೇಳುತ್ತಿದ್ದ. ಹೊರಗೆ ಧ್ವನಿವರ್ಧಕದಲ್ಲಿ ಯಾರದೋ ಹೆಸರು ಕೂಗಿದರು, ಗೊರಸಿನ ಸದ್ದು, ಜನರ ಹೋ ಎನ್ನುವ ಕೂಗು. ಮತ್ತೊಂದು ಹೆಸರು. ಆಮೇಲೆ ಕಾನಿಶಾಯ್ ಹೆಸರು.

ಎಸೆನ್ ಎದ್ದ. ಮೂಳೆಯನ್ನು ಬಟ್ಟಲಿನಲ್ಲೇ ಬಿಟ್ಟು, ಹಿರಿಯರ ಮುಖ ನೋಡದೆ, ಯಾರದೋ ಮಂಡಿ ತುಳಿದು ಹೊರಗೆ ಬಂದ. ಒಳಗೆ ಯಾರೋ ಛೀ ಎಂದದ್ದು ಕೇಳಿಸಿತು.

ಬಯಲಿನ ಆಚೆ ತುದಿಯಲ್ಲಿ ಅವಳು ಬೂದು ಕುದುರೆಯ ಮೇಲೆ ಕಂಡಳು. ಎಡಗೈಯಲ್ಲಿ ಕೆಂಪು ಬಿಲ್ಲು. ಅಷ್ಟು ದೂರದಿಂದಲೂ ಆ ಕೆಂಪು ಅವನ ಕಣ್ಣಿಗೆ ಇರಿಯಿತು. ಜನರನ್ನು ತಳ್ಳಿಕೊಂಡು, ಹಗ್ಗದ ಕೆಳಗೆ ನುಗ್ಗಿದ. ಕುದುರೆ ಹೊರಟಿತ್ತು. ಅವಳು ಲಗಾಮು ಬಿಟ್ಟು ಬಾಣ ಹೂಡಿದ್ದಳು, ಬಿಲ್ಲು ಮೇಲೆ ಏಳುತ್ತಿತ್ತು. ಎಸೆನ್ ಓಟದ ದಾರಿಗೇ ಇಳಿದು ಎರಡೂ ಕೈ ಬೀಸಿದ.

"ಎಳೀಬೇಡ," ಎಂದು ಕೂಗಿದ. "ಎಳೀಬೇಡ ನನ್ನ ಕುದುರೆಮರಿ, ಅದು ಬಿರುಕು ಬಿಟ್ಟಿದೆ!"

ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕೊನೆಗೂ ಹೊರಬಂತು. ಧ್ವನಿವರ್ಧಕ, ಗೊರಸು, ಗಾಳಿಯ ನಡುವೆ ಅದು ಯಾರಿಗೂ ಕೇಳಿಸಲಿಲ್ಲ. ಕೈ ಬೀಸುತ್ತ ಎದುರಾದ ಮುದುಕನನ್ನು ಕಂಡದ್ದು ಕುದುರೆ ಮಾತ್ರ. ಅದು ಮುಂಗಾಲು ಊರಿ ಪಕ್ಕಕ್ಕೆ ಹೊರಳಿತು. ಕಾನಿಶಾಯ್ ಎರಡೂ ಕೈಯಲ್ಲಿ ಬಿಲ್ಲು ಬಾಣ ಹಿಡಿದಿದ್ದಳು, ಹಿಡಿದುಕೊಳ್ಳಲು ಅವಳಿಗೆ ಕೈ ಇರಲಿಲ್ಲ. ಬಲಭುಜದ ಮೇಲೆ ಬಿದ್ದಳು. ಮೂಳೆಯ ಸದ್ದು ಎಸೆನ್‌ಗೆ ಕೇಳಿಸಿತು, ಉಗುರು ಮುರಿದ ಹಾಗೆ.

ಬಿಲ್ಲು ಉರುಳಿಕೊಂಡು ಬಂದು ಅವನ ಕಾಲ ಬಳಿ ನಿಂತಿತ್ತು. ಜನ ಅವಳ ಕಡೆ ಓಡಿದರು. ಅವನು ಬಗ್ಗಿ ಬಿಲ್ಲನ್ನು ಎತ್ತಿಕೊಂಡ, ಯಾಕೆ ಎತ್ತಿಕೊಂಡೆ ಎಂದು ಅವನಿಗೇ ಗೊತ್ತಿಲ್ಲ. ಹೆಬ್ಬೆರಳು ತಾನಾಗಿ ಮೇಲಿನ ತೋಳಿಗೆ ಹೋಯಿತು. ಅಲ್ಲಿ ಗೆರೆ ಇರಲಿಲ್ಲ, ಹೆರೆದ ಗುರುತೂ ಇಲ್ಲ. ಹಿಡಿಗೆ ಸುತ್ತಿದ್ದ ಕರಿ ಚರ್ಮ ವರ್ಷಗಟ್ಟಲೆ ಬೆವರು ಕುಡಿದು ಹೊಳಪು ಬಂದಿತ್ತು. ಕಲ್ಲಿಗೆ ತಗುಲಿ ಕೆಮ್ಮಣ್ಣು ಎದ್ದ ಜಾಗದಲ್ಲಿ ಬೆಳ್ಳನೆಯ ಮರ ಕಾಣುತ್ತಿತ್ತು. ಜರದಾಳು ಅಲ್ಲ. ಅದು ಪೇಟೆಯವನು ಮಾಡಿದ, ಅವಳದೇ ಹಳೆಯ ಬಿಲ್ಲು. ಮೇಲೆ ಅವನ ಮನೆಯ ಕೆಮ್ಮಣ್ಣು ಬಳಿದಿದ್ದಳು.

ಮೂಳೆ ಕೂರಿಸುವ ಹೆಂಗಸು ಬಂದು ಭುಜ ಕಟ್ಟುವ ತನಕ ಕಾನಿಶಾಯ್ ತುಟಿ ಕಚ್ಚಿಕೊಂಡಿದ್ದಳು. ಆಮೇಲೆ ತಾಯಿಯನ್ನು ಹೊರಗೆ ಕಳಿಸಿ ಮಾವನನ್ನು ಕರೆಸಿದಳು. ಎಸೆನ್ ಆ ಬಿಲ್ಲನ್ನು ಇನ್ನೂ ಹಿಡಿದುಕೊಂಡೇ ಇದ್ದ. ಗುಡಾರದ ಬಾಗಿಲಲ್ಲೇ ಕುಸಿದು ಕೂತ.

"ನಿಮ್ಮದು ಮನೇಲಿದೆ," ಎಂದಳು ಅವಳು. "ಹೆದೆ ಇಳಿಸಿ, ಬಟ್ಟೆ ಸುತ್ತಿ ಪೆಟ್ಟಿಗೇಲಿ ಇಟ್ಟಿದೀನಿ. ಯಾರ ಕೈಗೂ ಸಿಗಬಾರ್ದು ಅಂತ. ನಿಮ್ಮದನ್ನೇ ಹಿಡಿದೆ ಅಂತ ಜನ ಅಂದ್ಕೊಳ್ಲಿ ಅಂತ ಇದಕ್ಕೆ ಕೆಮ್ಮಣ್ಣು ಬಳ್ದೆ."

"ನಿಂಗೆ ಯಾವಾಗ ಗೊತ್ತಾಯ್ತು?"

"ನೀವು ಎಳೆಯೋಕೆ ನಿಂತಾಗ್ಲೇ. ನಿಮ್ಮ ಕಣ್ಣು ಗುರಿ ಕಡೆ ಇರ್ಲಿಲ್ಲ ತಾಯ್ಕೆ, ಆ ಜಾಗದ ಮೇಲಿತ್ತು. ಇನ್ನೊಂದು ಗೇಣು ಎಳೆದಿದ್ರೆ ನಿಮ್ಮ ಮುಖ ಉಳೀತಿರ್ಲಿಲ್ಲ. ಅಷ್ಟು ಜನರ ಮುಂದೆ ಬೇರೆ ಹೇಗೆ ಬಿಡಿಸ್ಲಿ? ಅದಕ್ಕೇ ಕೇಳ್ದೆ."

ಎಸೆನ್ ಬಿಲ್ಲನ್ನು ಕೆಳಗಿಟ್ಟ. ಆಮೇಲೆ, ಹಾಗಾದರೆ ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದ.

"ನೀವು ಹೇಳ್ತೀರಿ ಅಂತ ಕಾಯ್ತಿದ್ದೆ," ಎಂದಳು ಕಾನಿಶಾಯ್. ಕಣ್ಣು ಮುಚ್ಚಿಕೊಂಡಳು. ನೋವಿಗೋ ಬೇಸರಕ್ಕೋ, ಅವನಿಗೆ ತಿಳಿಯಲಿಲ್ಲ.

ಹೊರಗೆ ಶೆರ್ಗಾಜಿ ಆಗಲೇ ಎಲ್ಲರಿಗೂ ವಿವರಿಸುತ್ತಿದ್ದ. ಪಾಪ, ತನ್ನ ಬಿಲ್ಲು ಬಯಲಿಗೆ ಬಂದದ್ದು ನೋಡಿ ಮುದುಕನಿಗೆ ಸಂತೋಷ ತಡೆಯಲಾಗಲಿಲ್ಲ, ಓಡಿದ. ಹಾಳು ಕುದುರೆ ಬೆದರಿತು, ಅಂಥ ಕುದುರೆಯನ್ನು ಕಡಿದು ತಿನ್ನಬೇಕು ಎನ್ನುತ್ತಿದ್ದ. ಎಸೆನ್ ಅವರ ನಡುವೆ ಹೋಗಿ ನಿಂತ. ಕುದುರೆಯದು ತಪ್ಪಿಲ್ಲ ಎಂದ. ತಾನು ಬೆನ್ನು ಹೆರೆದದ್ದು, ಅಂಟು ಹಾಕಿದ್ದು, ಕೆಮ್ಮಣ್ಣು ಬಳಿದು ಮುಚ್ಚಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಜನ ತಲೆ ತಗ್ಗಿಸಿ ಕೇಳಿದರು, ಅವನ ಬೆನ್ನು ಸವರಿದರು, ದುಃಖದಲ್ಲಿ ಏನೇನೋ ಆಡುತ್ತಿದ್ದಾನೆ ಎಂದು ಕುಮಿಸ್ ತಂದುಕೊಟ್ಟರು. ಹೇಳಬೇಕಾದಾಗ ಹೇಳದ ಮಾತಿಗೆ ಆಮೇಲೆ ಬೆಲೆ ಕೊಡುವವರು ಯಾರು? ನನಗಂತೂ ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಭುಜ ಕೂಡಿಕೊಂಡಿತು, ಆದರೆ ಬಲಗೈ ಕಿವಿಯ ಮಟ್ಟಕ್ಕೆ ಏಳುವುದಿಲ್ಲ. ಬೂದು ಕುದುರೆಯನ್ನು ಅವಳು ಯಾರಿಗೂ ಕೊಡಲಿಲ್ಲ. ಎಸೆನ್ ಈಗಲೂ ಗುಡಾರದ ಕೋಲು ಮಾಡುತ್ತಾನೆ, ಆದರೆ ಬಣ್ಣ ಬಳಿಯುವುದಿಲ್ಲ. ಬೇಕಿದ್ದವರು ಕೆಮ್ಮಣ್ಣು ತಂದು ತಾವೇ ಬಳಿದುಕೊಳ್ಳಬೇಕು.

ಪ್ರತಿ ಬೇಸಿಗೆಯಲ್ಲೂ ಕಾನಿಶಾಯ್ ಬರುತ್ತಾಳೆ. ಅವಳಿಗೆ ಕೇಳುವ ಹಕ್ಕು ಇನ್ನೂ ಎರಡು ಸಲ ಇದೆ. ಅವಳು ಬರುವ ದಿನ ಎಸೆನ್ ಮನೆಯಲ್ಲಿ ಇದ್ದಬದ್ದ ಒಳ್ಳೆಯದನ್ನೆಲ್ಲ ಅವಳ ಕಣ್ಣಿಗೆ ಬೀಳುವ ಕಡೆ ಇಡುತ್ತಾನೆ: ಅಪ್ಪನ ಬೆಳ್ಳಿ ಕಟ್ಟಿನ ಜೀನು, ಗುಲ್ಸುನ್ ಹೊಲಿದ ಕಂಬಳಿ, ಬಾಗಿಲ ಎದುರಿಗೇ ಕಟ್ಟಿದ ಹೊಸ ಕುದುರೆಮರಿ. ಆಮೇಲೆ ಅವಳ ಬಾಯನ್ನೇ ನೋಡುತ್ತ ಕೂರುತ್ತಾನೆ. ಅವಳು ಎಡಗೈಯಲ್ಲಿ ಬಟ್ಟಲು ಹಿಡಿದು ಚಹಾ ಕುಡಿಯುತ್ತಾಳೆ, ಎಲ್ಲವನ್ನೂ ಹೊಗಳುತ್ತಾಳೆ, ಏನನ್ನೂ ಕೇಳದೆ ಸಂಜೆಯ ಮೊದಲು ಹೊರಟುಬಿಡುತ್ತಾಳೆ.